ತುಂಬಿದ ಗಡಿಗಿ ಯಾರ ಮನ್ಯಾಗಿತ್ತು?

ಸ್ವಲ್ಪ ಉದ್ದ ಐತಿ, ಪುರುಸೊತ್ತು ಇದ್ದಾಗ ಓದ್ರಿ.

ಮಳೆಗಾಲ ಶುರುವಾಗೋ ಮುಂದ ನಮ್ಮ ಆಫೀಸಿಗೆ ಒಂದು ಸುತ್ತೋಲೆ ಬಂತು. ಪ್ರವಾಹ ಮುನ್ನೆಚ್ಚರಿಕೆದು. ಅದನ್ನ ಟೈಪ್ ಮಾಡಿ ಪಂಚಾಯ್ತಿಗಳಿಗೆ ಕಳಿಸೋದು ನನ್ನ ಟೇಬಲ್ಲಿನ ಕೆಲಸ. ಪ್ರತಿಯೊಂದು ಕುಟುಂಬ ಕೆಲವು ದಿನಕ್ಕೆ ಸಾಕಾಗುವಷ್ಟು ಒಣ ಆಹಾರ, ಕುಡಿಯುವ ನೀರು, ಔಷಧಿ, ಟಾರ್ಚ್, ಬೆಂಕಿಪೊಟ್ಟಣ, ಕಾಗದಪತ್ರ ಎಲ್ಲಾ ಒಂದು ಕಡೆ ಇಟ್ಟುಕೊಂಡಿರಬೇಕು ಅಂತ ಅದರಾಗಿತ್ತು. ಒಳ್ಳೆಯ ಮಾತೇ, ತಪ್ಪೇನಿಲ್ಲ. ಟೈಪ್ ಮಾಡ್ತಾ ಮಾಡ್ತಾ ನಾನು ಸುಮ್ಮನ ಲೆಕ್ಕ ಹಾಕಿದೆ. ಐದು ಮಂದಿ ಇರೋ ಮನೆ. ಕುಡಿಯೋಕ, ಅಡಗಿಗೆ ಅಂತ ಒಬ್ಬರಿಗೆ ದಿನಕ್ಕ ನಾಲ್ಕು ಲೀಟರ್ ಹಿಡಿದರೂ ಏಳು ದಿನಕ್ಕ 140 ಲೀಟರ್ ಆಗ್ತದ. ಅಂದ್ರ ಹತ್ತರಿಂದ ಹನ್ನೆರಡು ಕೊಡ. ಕರೋಶಿಯ ನಮ್ಮ ಕೇರಿಯಾಗ ಹನ್ನೆರಡು ಕೊಡ ಇಡೋ ಜಾಗ ಇರೋ ಮನಿ ಎಷ್ಟು ಅಂತ ಕಣ್ಣ ಮುಂದ ತಂದುಕೊಂಡೆ. ಬೆರಳೆಣಿಕೆ. ಉಳಿದವರ ಮನ್ಯಾಗ ಎರಡು ಕೊಡ, ಒಂದು ಪ್ಲಾಸ್ಟಿಕ್ ಡ್ರಮ್ಮು, ಅಷ್ಟ.

ಅವತ್ತಿನಿಂದ ಈ ವಿಷಯ ತಲೆ ಕೊರೀತಾ ಇತ್ತು. ಕಷ್ಟಕಾಲಕ್ಕ ಕೂಡಿಡೋದು ಅಂದ್ರ ಬುದ್ಧಿವಂತಿಕೆ, ಮುಂದಾಲೋಚನೆ ಅಂತ ಎಲ್ಲರೂ ಹೇಳ್ತಾರ. "ನಿಮ್ಮ ಮಂದಿ ಇವತ್ತು ಗಳಿಸಿದ್ದು ಇವತ್ತೇ ಉಡಾಯಿಸ್ತಾರ, ನಾಳೆದು ವಿಚಾರ ಇಲ್ಲ" ಅನ್ನೋ ಮಾತನ್ನ ನನ್ನ ಹಾಗೆ ನೀವೂ ಕೇಳಿರ್ತೀರಿ. ಈ ಮಾತಿಗೆ ಉತ್ತರ ಇತಿಹಾಸದಾಗ ಐತಿ. ಕೂಡಿಡೋದು ನಮ್ಮವರಿಗೆ ಗೊತ್ತಿರಲಿಲ್ಲ ಅಂತಲ್ಲ. ನಮ್ಮ ಗಡಿಗಿ ಖಾಲಿ ಇರಬೇಕು ಅನ್ನೋದರ ಮ್ಯಾಲೇ ಊರಿನ ವ್ಯವಸ್ಥೆ ನಿಂತಿತ್ತು.

ಮೊದಲು ಹಗೇವಿನ ವಿಷಯ ಹೇಳ್ತೀನಿ. ಈಗಿನ ಹುಡುಗರು ಹಗೇವು ನೋಡಿರಲಿಕ್ಕಿಲ್ಲ. ಬೆಳಗಾವಿ, ವಿಜಯಪುರ, ಧಾರವಾಡ ಸೀಮ್ಯಾಗ ಜೋಳ ಇಡೋಕ ನೆಲದೊಳಗ ತೋಡ್ತಿದ್ದ ಕಣಜ ಅದು. ಬಾಯಿ ಸಣ್ಣದು, ಒಬ್ಬ ಮನುಷ್ಯ ಇಳಿಯೋವಷ್ಟು. ಹೊಟ್ಟಿ ಮಾತ್ರ ಅಗಲ. ನೀರು ಜಿನುಗದ ಗಟ್ಟಿ ನೆಲ ನೋಡಿ ತೋಡಬೇಕು. ಒಳಗ ಬೆಂಕಿ ಹಾಕಿ ಒಣಗಿಸಿ, ಸುತ್ತ ಕಣಿಕಿ, ಹುಲ್ಲು ಹಾಸಿ, ಜೋಳ ಸುರಿದು, ಬಾಯಿಗೆ ಕಲ್ಲು ಮುಚ್ಚಿ ಮಣ್ಣು ಮೆತ್ತೋದು. ಒಳಗಿನ ಕಾಳು ಉಸಿರಾಡಿ ಉಸಿರಾಡಿ ಇದ್ದ ಗಾಳಿಯಲ್ಲಿನ ಆಮ್ಲಜನಕ ಮುಗೀತದ, ಹುಳ ಸಾಯ್ತಾವ, ಜೋಳ ವರ್ಷಗಟ್ಟಲೆ ಉಳೀತದ. ಬರಗಾಲದ ನಾಡಿಗೆ ಬೇಕಾದ ತಂತ್ರಜ್ಞಾನ ಇದು, ಅದರ ಬಗ್ಗೆ ನನಗೆ ಗೌರವ ಐತಿ.

ಆದ್ರ ಹಗೇವು ತೆಗೆಯೋ ದಿನ ಏನಾಗ್ತಿತ್ತು ಅಂತ ನಮ್ಮ ಆಯಿ ಹೇಳ್ತಿದ್ಲು. ಕಲ್ಲು ಸರಿಸಿ ಬಿಟ್ಟು, ಒಳಗಿನ ವಿಷಗಾಳಿ ಹೋಗೋವರೆಗೂ ಕಾಯಬೇಕು. ಕಂದೀಲು ಹಗ್ಗಕ್ಕ ಕಟ್ಟಿ ಇಳಿಬಿಟ್ಟು ನೋಡೋರು. ದೀಪ ಆರಿದ್ರ ಇಳಿಯಂಗಿಲ್ಲ. ದೀಪ ಆರದಿದ್ರ ಮೊದಲು ಇಳಿಯೋವ ಯಾರು? "ನಿಮ್ಮ ಮುತ್ಯಾ ಇಳೀತಿದ್ದ" ಅಂತಿದ್ಲು ಆಯಿ. ಒಳಗ ಇಳಿದು ಬುಟ್ಟಿ ತುಂಬಿ ಕೊಡೋಕ ನಮ್ಮ ಕೈ ನಡೀತಿತ್ತು. ಬುಟ್ಟಿ ಮ್ಯಾಲೆ ಬಂದ ಮ್ಯಾಲ ಅದೇ ಕೈ ಮುಟ್ಟಿದ್ರ ಮೈಲಿಗಿ. ತಳದಾಗ, ಅಂಚಿನ್ಯಾಗ ಮುಗ್ಗಿ ಕಪ್ಪಾದ ಜೋಳ ಇರ್ತಿತ್ತಲ್ಲ, ಅದು ಕೂಲಿ. ಆ ಜೋಳದ ರೊಟ್ಟಿ ವಾಸನಿ ಬಾಯಿಂದ ಎರಡು ದಿನ ಹೋಗ್ತಿರಲಿಲ್ಲ ಅಂತಿದ್ಲು.

ಹಗೇವು ಇದ್ದದ್ದು ಗೌಡರ ವಾಡೆ ಮುಂದ, ಗುಡಿ ಮುಂದ. ನಮಗ ಇದ್ದದ್ದು ಆಯ. ಗಡಿಭಾಗದಾಗ ಮರಾಠಿಯವರು ಬಲುತ ಅಂತಾರ. ವರ್ಷವಿಡೀ ಊರ ಚಾಕರಿ ಮಾಡೋದು, ಸುಗ್ಗಿಯಾಗ ಕಣಕ್ಕ ಹೋಗಿ ನಿಂತು ಕೊಟ್ಟಷ್ಟು ಇಸ್ಕೊಳ್ಳೋದು. ದಿನಾ ಸಂಜಿಕ್ಕ ಮನಿ ಮನಿ ಮುಂದ ನಿಂತು ಉಳಿದ ರೊಟ್ಟಿ. ಇದರ ಲೆಕ್ಕ ನೋಡ್ರಿ: ಸಂಜಿಕ್ಕ ಸಿಗೋ ರೊಟ್ಟಿ ನಾಳಿಗೆ ಇರಲ್ಲ, ಆದ್ದರಿಂದ ನಾಳೆ ಮತ್ತ ಬರಬೇಕು. ಮತ್ತ ಬರಬೇಕು ಅಂದ್ರ ಇವತ್ತು ಬಾಯಿ ಮುಚ್ಚಿಕೊಂಡಿರಬೇಕು. ವರ್ಷದ ಕಾಳು ಒಮ್ಮೆಲೆ ನಮ್ಮ ಮನ್ಯಾಗ ಇದ್ದಿದ್ರ ಚಾಕರಿ ಯಾರು ಮಾಡ್ತಿದ್ರು?

ಬರದ ಕಾಲ ಬಂದಾಗ ಈ ಲೆಕ್ಕ ಹೆಣಗಳಲ್ಲಿ ತಿಳೀತಿತ್ತು. 1791-92ರ ಬರಕ್ಕ ನಮ್ಮ ಕಡೆ ಡೋಗಿ ಬರ ಅಂತಾರ, ತಲೆಬುರುಡೆ ಬರ. ಹೂಳೋರಿಲ್ಲದೆ ಬುರುಡೆಗಳು ನೆಲದ ಮೇಲೆ ಬಿದ್ದಿದ್ದಕ್ಕ ಆ ಹೆಸರು. ಆಮೇಲೆ 1876-78ರ ದೊಡ್ಡ ಬರ. 1872ರ ಜನಗಣತಿಗೆ ಹೋಲಿಸಿದ್ರ 1881ರಲ್ಲಿ ಬೆಳಗಾವಿ ಜಿಲ್ಲೆಯ ಜನಸಂಖ್ಯೆ ಬೆಳೆಯೋದು ಬಿಟ್ಟು ಕಡಿಮಿ ಆಗಿತ್ತು. ಪಕ್ಕದ ಕಲಾದಗಿ ಜಿಲ್ಲೆಯಲ್ಲಿ, ಅಂದ್ರ ಇವತ್ತಿನ ವಿಜಯಪುರ-ಬಾಗಲಕೋಟೆ ಕಡೆ, ಇನ್ನೂ ಘೋರ. ಆ ಹೊತ್ತಿನಲ್ಲಿ ದೇಶದಾಗ ಕಾಳೇ ಇರಲಿಲ್ಲ ಅಂತ ಅಲ್ಲ. ಇಂಗ್ಲೆಂಡಿಗೆ ಗೋಧಿ ರಫ್ತು ನಡದೇ ಇತ್ತು. ವ್ಯಾಪಾರಿಗಳ ಹತ್ರ ದಾಸ್ತಾನು ಇತ್ತು, ಬೆಲೆ ಏರ್ತಿತ್ತು. ಕೊಳ್ಳೋಕ ಕೈಯಾಗ ಕಾಸಿರಲಿಲ್ಲ.

ಸರ್ಕಾರ ರಸ್ತೆ, ಕೆರೆ ಕೆಲಸ ತೆಗೀತು. 1877ರ ಜನವರಿಯಲ್ಲಿ ರಿಚರ್ಡ್ ಟೆಂಪಲ್ ಅನ್ನೋ ಸಾಹೇಬ ಬಂದು ಖರ್ಚು ಉಳಿಸಬೇಕು ಅಂತ ಕೂಲಿ ಇಳಿಸಿದ. ಗಂಡಾಳಿಗೆ ದಿನಕ್ಕ ಒಂದು ಪೌಂಡ್ ಕಾಳು, ಮ್ಯಾಲೆ ಚಿಲ್ಲರೆ ಕಾಸು. ಒಂದು ಪೌಂಡ್ ಅಂದ್ರ ಸುಮಾರು 450 ಗ್ರಾಂ. ಕಲ್ಲು ಒಡಿಯೋವನಿಗೆ ಇದು ಸಾಲಂಗಿಲ್ಲ ಅಂತ ಮುಂಬೈ ಪ್ರಾಂತ್ಯದಾಗ ಸಾವಿರಾರು ಕೂಲಿಕಾರರು ಕೆಲಸ ಬಿಟ್ಟು ಎದ್ದು ಹೋದ್ರು. ಹೊಟ್ಟಿಗಿಲ್ಲದ ಮಂದಿ ಮಾಡಿದ ಮುಷ್ಕರ ಅದು. ನಮ್ಮ ಶಾಲಾ ಪುಸ್ತಕದಾಗ ಅದಕ್ಕ ಒಂದು ಸಾಲೂ ಇಲ್ಲ.

(ಒಂದು ಅಡ್ಡ ಮಾತು. ಇವತ್ತು ಆಹಾರ ಭದ್ರತಾ ಕಾಯ್ದೆಯಲ್ಲಿ ತಲೆಗೆ ತಿಂಗಳಿಗೆ 5 ಕೆಜಿ. ಮೂವತ್ತು ದಿನಕ್ಕ ಭಾಗಿಸ್ರಿ, 167 ಗ್ರಾಂ ಬರ್ತದ. ಟೆಂಪಲ್ ಕೊಟ್ಟಿದ್ದು ದುಡಿಯೋವನ ಕೂಲಿ, ಇದು ಹಸುಗೂಸಿನಿಂದ ಮುದುಕರವರೆಗೂ ಸಿಗೋ ಹಕ್ಕು, ಎರಡೂ ಒಂದೇ ಅಲ್ಲ ಅಂತ ನನಗೂ ಗೊತ್ತು. ಆದ್ರೂ "ಪುಕ್ಕಟೆ ಅಕ್ಕಿ ತಿಂದು ಸೋಮಾರಿ ಆಗ್ಯಾರ" ಅನ್ನೋವರು ಆ 167 ಗ್ರಾಮನ್ನ ಒಮ್ಮೆ ಅಂಗೈ ಮೇಲೆ ಹಾಕ್ಕೊಂಡು ನೋಡಬೇಕು.)

ಹಂಗಾದ್ರ ನಮ್ಮವರ ಮನ್ಯಾಗ ಕೂಡಿಟ್ಟದ್ದು ಏನೂ ಇರಲಿಲ್ಲೇನು? ಇತ್ತು. ಇದನ್ನ ಬರೀಬೇಕೋ ಬ್ಯಾಡೋ ಅಂತ ಬಹಳ ವಿಚಾರ ಮಾಡಿದೆ. ನಾಚಿಕೆ ಪಡೋದು ನಮ್ಮದಲ್ಲ ಅನ್ನಿಸ್ತು, ಅದಕ್ಕ ಬರೀತೀನಿ.

ಉಳಿದ ರೊಟ್ಟಿ ಬಿಸಿಲಿಗೆ ಒಣಗಿಸಿ ಚೀಲದಾಗ ಇಡ್ತಿದ್ರು. ಹುಣಸಿಬೀಜ ಹುರಿದು ಇಡ್ತಿದ್ರು. ಎಲ್ಲಕ್ಕಿಂತ ದೊಡ್ಡ ದಾಸ್ತಾನು ಅಂದ್ರ ಖಂಡ. ಊರಾಗ ಸತ್ತ ದನ ಹೊತ್ತು ತರೋದು ನಮ್ಮ ಮೇಲೆ ಹಾಕಿದ ಚಾಕರಿ, ಆ ಮಾಂಸ ಅದರ ಕೂಲಿ. ಒಂದು ದನದ ಮಾಂಸ ಒಂದು ದಿನದಾಗ ಮುಗಿಯಂಗಿಲ್ಲ. ಉದ್ದಕ ಪಟ್ಟಿ ಪಟ್ಟಿ ಸೀಳಿ, ಉಪ್ಪು ಅರಿಶಿಣ ಹಚ್ಚಿ, ಹಗ್ಗದ ಮೇಲೆ ಒಣಗಿಸಿ, ಕಟಗಿ ಹಂಗ ಆದ ಮ್ಯಾಲ ಗಡಿಗ್ಯಾಗ ತುಂಬಿ ಬಾಯಿ ಕಟ್ಟಿ ಇಡೋದು. ಮರಾಠಿಯವರು ಇದಕ್ಕ ಚಾನ್ಯಾ ಅಂತಾರ. ಶಾಹು ಪಾಟೋಳೆಯವರು ಮರಾಠವಾಡದ ಮಹಾರ, ಮಾಂಗರ ಅಡಗಿ ಮೇಲೆ ಬರೆದ "ಅನ್ನ ಹೇ ಅಪೂರ್ಣಬ್ರಹ್ಮ" ಪುಸ್ತಕದಾಗ ಇದರ ಬಗ್ಗೆ ವಿವರವಾಗಿ ಐತಿ, ಸಿಕ್ಕರ ಓದ್ರಿ. ಮಳೆಗಾಲದಾಗ ಕೂಲಿ ಇಲ್ಲದ ದಿನ ಎರಡು ಪಟ್ಟಿ ತೆಗೆದು ಕೆಂಡದಾಗ ಸುಟ್ಟು, ಕಲ್ಲಾಗ ಕುಟ್ಟಿ, ಖಾರ ನೀರು ಹಾಕಿ ಕುದಿಸಿದ್ರ ಮನಿ ಮಂದಿಗೆಲ್ಲ ಒಂದು ಹೊತ್ತಿನ ಸಾರು. ಇವತ್ತಿನ ಸುತ್ತೋಲೆ ಭಾಷೆಯಲ್ಲಿ ಹೇಳೋದಾದ್ರ "ಕೆಡದಂಥ, ಪೌಷ್ಟಿಕ, ಬೇಗ ತಯಾರಾಗುವ ಒಣ ಆಹಾರ". ಊರಿನವರ ದಾಸ್ತಾನು ಹಗೇವಿನ್ಯಾಗ, ನಮ್ಮದು ಈ ಗಡಿಗ್ಯಾಗ.

ಈ ಗಡಿಗಿ ಒಡೀಬೇಕು ಅಂತ ಬಾಬಾಸಾಹೇಬರು ಹೇಳಿದ್ರು.

ಬಾಬಾಸಾಹೇಬರು ನಮಗ ದೂರದವರಲ್ಲ. 1920ರ ಮಾರ್ಚ್‌ನಲ್ಲಿ ಕೊಲ್ಹಾಪುರದ ಕಡೆ ಮಾಣಗಾಂವ ಪರಿಷತ್ತು, ಶಾಹು ಮಹಾರಾಜರೇ ಬಂದು ಅಂಬೇಡ್ಕರರನ್ನ ನಿಮ್ಮ ನಾಯಕ ಅಂತ ತೋರಿಸಿದ್ದು. 1925ರ ಏಪ್ರಿಲ್‌ನಲ್ಲಿ ನಮ್ಮ ನಿಪ್ಪಾಣಿಯಲ್ಲೇ ಪ್ರಾಂತೀಯ ಅಸ್ಪೃಶ್ಯರ ಪರಿಷತ್ತು, ಅದಕ್ಕ ಅವರೇ ಅಧ್ಯಕ್ಷರು. 1927ರ ಮಾರ್ಚ್ 20ಕ್ಕ ಮಹಾಡದ ಚವದಾರ ಕೆರೆ. ಕೆರೆ ನೀರು ಮುಟ್ಟಿದ್ದು ಎಲ್ಲರಿಗೂ ನೆನಪೈತಿ. ಅದೇ ಪರಿಷತ್ತಿನಲ್ಲಿ ಸತ್ತ ದನದ ಮಾಂಸ ತಿನ್ನೋದು ಬಿಡ್ರಿ, ಎಂಜಲು ರೊಟ್ಟಿ ಬೇಡೋದು ಬಿಡ್ರಿ ಅಂತ ಹೇಳಿದ್ದನ್ನ ನಾವು ಅಷ್ಟು ನೆನೆಸಂಗಿಲ್ಲ. ಮರುವರ್ಷ, 1928ರಲ್ಲಿ, ಮಹಾರ ವತನ ಕಿತ್ತು ಹಾಕೋಕ 1874ರ ಕಾಯ್ದೆಗೆ ತಿದ್ದುಪಡಿ ಮಸೂದೆಯನ್ನ ಮುಂಬೈ ಶಾಸನಸಭೆಯಲ್ಲಿ ತಂದ್ರು. ಮೂರೂ ಒಂದೇ ದಾರಿ: ನೀರು ನಮ್ಮ ಹಕ್ಕು, ರೊಟ್ಟಿ ಭಿಕ್ಷೆ ಅಲ್ಲ, ಚಾಕರಿ ಹುಟ್ಟಿನ ಸಾಲ ಅಲ್ಲ.

ಆಗ "ಕೇಸರಿ" ಪತ್ರಿಕೆಯಲ್ಲಿ ಕೆಲವರು ಬರೆದ್ರು: ಸತ್ತ ದನ ಹೊರೋದು ಬಿಟ್ಟರ ಮಹಾರರಿಗೇ ನಷ್ಟ, ಚರ್ಮ, ಕೊಂಬು, ಮಾಂಸ ಸೇರಿ ವರ್ಷಕ್ಕ 500 ರೂಪಾಯಿ ಹೋಗ್ತದ ಅಂತ. ನಮ್ಮ ಆರ್ಥಿಕ ಚಿಂತೆ ಅವರಿಗೆ! ಬಾಬಾಸಾಹೇಬರು ಕೊಟ್ಟ ಉತ್ತರ ನಮ್ಮ ಕೇರಿ ಹಿರಿಯರು ನಗ್ತಾ ಹೇಳ್ತಿದ್ರು. ಅಷ್ಟು ಲಾಭ ಇದ್ದರ ನೀವೇ ಹೊತ್ತುಕೊಂಡು ಹೋಗಿ ನೀವೇ ತಿನ್ರಿ, ಆ 500 ರೂಪಾಯಿ ಮೇಲೆ ನಾನೂ 500 ಬಹುಮಾನ ಕೊಡ್ತೀನಿ ಅನ್ನೋ ಅರ್ಥದ ಮಾತು. ಯಾರೂ ಬರಲಿಲ್ಲ ಅಂತ ಬೇರೆ ಹೇಳಬೇಕಾಗಿಲ್ಲ.

ಆದ್ರ ನಾನು ಇಲ್ಲಿ ಸ್ವಲ್ಪ ನಿಲ್ತೀನಿ. ಭಾಷಣದಾಗ ನಾವು "ಬಿಟ್ಟರು" ಅಂತ ಒಂದೇ ಮಾತಿನಲ್ಲಿ ಹೇಳಿ ಮುಂದ ಹೋಗ್ತೀವಿ. ಬಿಟ್ಟದ್ದು ಹೆಂಗಸರು, ಅದೂ ಒಲಿ ಮುಂದ ಕೂತು. ನಮ್ಮ ಮನ್ಯಾಗ ಆ ಗಡಿಗಿ ಒಡೆದದ್ದು ಆಯಿ ಲಗ್ನ ಆಗಿ ಬಂದ ಮ್ಯಾಲ. ಮುತ್ಯಾ ಸಭಾಕ್ಕ ಹೋಗಿ ಬಂದವನೇ ಗಡಿಗಿ ಹೊರಗ ಒಯ್ದು ತಿಪ್ಪ್ಯಾಗ ಸುರಿದನಂತ. ಆಯಿ ಅತ್ತಿ ಕೇಳಿದ್ದು ಒಂದೇ ಮಾತು: "ಆಷಾಢದಾಗ ಹುಡುಗರಿಗೆ ಏನ್ ಹಾಕ್ಲೊ?" ಮುತ್ಯಾನ ಹತ್ರ ಉತ್ತರ ಇರಲಿಲ್ಲ. ಆ ವರ್ಷ ಆಷಾಢದಾಗ ಏನು ತಿಂದ್ರಿ ಅಂತ ನಾನು ಕೇಳಿದಾಗ ಆಯಿ, "ಏನ್ ತಿಂದ್ವೋ ಏನೋ, ಸಾಯಲಿಲ್ಲ ನೋಡು" ಅಂದಳು.

ಮಾನಕ್ಕಾಗಿ ಇದ್ದ ಒಂದೇ ದಾಸ್ತಾನು ಬಿಟ್ಟವರು ಅವರು. ಅದರ ಬದಲಿಗೆ ಯಾವ ಸರ್ಕಾರ, ಯಾವ ಗೌಡ ಒಂದು ಪಾಯಲಿ ಜೋಳ ಕೊಟ್ಟಿರಲಿಲ್ಲ. ಬರೀ ಹೊಟ್ಟಿ ಮ್ಯಾಲ ಕೊಟ್ಟ ಬೆಲೆ. ಇವತ್ತು ಆ ಊಟದ ಬಗ್ಗೆ ಅಸಹ್ಯ ಪಡೋ ನಮ್ಮದೇ ಓದಿದ ಹುಡುಗರೂ ಅದಾರ, ಅದನ್ನೇ "ನಮ್ಮ ಸಂಸ್ಕೃತಿ" ಅಂತ ಹಬ್ಬ ಮಾಡೋವರೂ ಅದಾರ. ದನದ ಮಾಂಸ ತಿನ್ನೋದು ತಿನ್ನೋವರ ಹಕ್ಕು, ಅದರಾಗ ಯಾರೂ ಕೈ ಹಾಕಬಾರದು, 2020ರ ಕಾಯ್ದೆಗೆ ನನ್ನ ವಿರೋಧ ಐತಿ. ಆದ್ರ ಆ ಗಡಿಗ್ಯಾಗ ಇದ್ದದ್ದು ನಾವು ಆರಿಸಿಕೊಂಡ ಊಟ ಅಲ್ಲ. ಇಬ್ಬರಿಗೂ ಆಯಿ ಅತ್ತಿಯ ಪ್ರಶ್ನೆ ಕೇಳಿಸಿಲ್ಲ ಅಂತ ನನಗ ಅನ್ನಿಸ್ತದ.

ಇನ್ನು ಆಪತ್ತು ಅಂದ್ರ ಏನು ಅನ್ನೋ ಪ್ರಶ್ನೆ. ಸುತ್ತೋಲೆಯಲ್ಲಿ ಪ್ರವಾಹ, ಭೂಕಂಪ, ಬೆಂಕಿ ಅಂತ ಪಟ್ಟಿ ಇತ್ತು. ನಮ್ಮವರ ಪಟ್ಟಿಯಲ್ಲಿ ಮೊದಲ ಹೆಸರು ಬೇರೆನೇ: ಬಹಿಷ್ಕಾರ. ಚಾಕರಿ ಬಿಟ್ಟ, ಬಾವಿ ಮುಟ್ಟಿದ, ಹೊಸ ಧೋತರ ಉಟ್ಟ ತಪ್ಪಿಗೆ ಊರಿನವರು ಒಂದು ದಿನ ಎಲ್ಲಾ ಬಂದ್ ಮಾಡ್ತಿದ್ರು. ಮುಂಬೈ ಸರ್ಕಾರ ಸ್ಟಾರ್ಟ್ ಅನ್ನೋ ಅಧಿಕಾರಿಯ ಅಧ್ಯಕ್ಷತೆಯಲ್ಲಿ ಒಂದು ಸಮಿತಿ ಮಾಡಿತ್ತು, ಬಾಬಾಸಾಹೇಬರು ಅದರ ಸದಸ್ಯರು, ವರದಿ ಬಂದದ್ದು 1930ರಲ್ಲಿ. ಆ ವರದಿ ಬಹಿಷ್ಕಾರದ ರೀತಿಯನ್ನ ಒಂದೊಂದಾಗಿ ಹೇಳ್ತದ: ಹೊಲ ಬಿಡಿಸೋದು, ಕೂಲಿ ನಿಲ್ಲಿಸೋದು, ಊರ ಚಾಕರಿಯ ಆಯ ಕೊಡದೆ ಇರೋದು, ನಡೆಯೋ ದಾರಿ ಮುಚ್ಚೋದು, ಅಂಗಡಿಯವ ದಿನಸಿ ಕೊಡದಂಗ ಮಾಡೋದು. ಸಣ್ಣ ಸಣ್ಣ ಕಾರಣಕ್ಕೂ ಇದು ನಡೀತದ, ಇದಕ್ಕಿಂತ ಪರಿಣಾಮಕಾರಿ ಆಯುಧ ಇನ್ನೊಂದಿಲ್ಲ ಅನ್ನೋ ಅರ್ಥದಲ್ಲಿ ಬರೆದಾರ.

ಇದನ್ನ ಓದಿದಾಗ ನನಗ ಹಗೇವು, ಆಯ, ಸಂಜೀ ರೊಟ್ಟಿ ಎಲ್ಲಾ ಒಂದೇ ದಾರದಾಗ ಪೋಣಿಸಿದಂಗ ಕಾಣ್ತು. ಬಹಿಷ್ಕಾರ ಎಷ್ಟು ದಿನ ನಡೀತದ ಅನ್ನೋದು ಊರಿನವರ ಸಿಟ್ಟಿನ ಮ್ಯಾಲ ಇಲ್ಲ, ಕೇರಿಯವರ ಗಡಿಗ್ಯಾಗ ಎಷ್ಟು ದಿನದ ಜೋಳ ಐತಿ ಅನ್ನೋದರ ಮ್ಯಾಲ ಐತಿ. ಮೂರು ದಿನದ ಜೋಳ ಇದ್ದರ ನಾಲ್ಕನೇ ದಿನ ಹಿರಿಯರು ಹೋಗಿ ಚಾವಡಿ ಮುಂದ ಅಡ್ಡ ಬೀಳ್ತಾರ. ಮೂರು ತಿಂಗಳದು ಇದ್ದರ? ಊರಿನವರ ಹೊಲದಾಗ ಕಳೆ ಎದ್ದು ನಿಂತು, ಅವರೇ ಮಾತಿಗೆ ಬರ್ತಾರ.

ಬಾಬಾಸಾಹೇಬರಿಗೆ ಇದು ಸ್ಪಷ್ಟ ಗೊತ್ತಿತ್ತು. ದುಂಡುಮೇಜಿನ ಪರಿಷತ್ತಿಗೆ ಹೋದಾಗ ಬಹಿಷ್ಕಾರ ಮಾಡೋದು, ಮಾಡಿಸೋದು, ಬೆದರಿಸೋದು ಶಿಕ್ಷಾರ್ಹ ಅಪರಾಧ ಆಗಬೇಕು ಅಂತ ಕೊಟ್ಟ ಕರಡಿನಲ್ಲಿ ಬರೆದ್ರು. ಆ ಕಲಮುಗಳಿಗೆ ಅವರು ಮಾದರಿ ಹಿಡಿದದ್ದು 1922ರ ಬರ್ಮಾದ ಬಹಿಷ್ಕಾರ ವಿರೋಧಿ ಕಾಯ್ದೆಯನ್ನ. ಎಲ್ಲಿಯ ಬರ್ಮಾ, ಎಲ್ಲಿಯ ನಮ್ಮ ಕೇರಿ! ಆಮೇಲೆ ಎಷ್ಟು ವರ್ಷ ಹಿಡೀತು ನೋಡ್ರಿ. ದೌರ್ಜನ್ಯ ತಡೆ ಕಾಯ್ದೆ ಬಂದದ್ದು 1989ರಲ್ಲಿ. ಅದರಾಗ ಸಾಮಾಜಿಕ, ಆರ್ಥಿಕ ಬಹಿಷ್ಕಾರ ಅಂತ ಹೆಸರಿಟ್ಟು ಅಪರಾಧ ಮಾಡಿದ್ದು 2015ರ ತಿದ್ದುಪಡಿ, ಜಾರಿ 2016ರ ಜನವರಿ 26ರಿಂದ. ಕಾಯ್ದೆ ಐತಿ, ಬಳಸ್ರಿ. ಆದ್ರ ಎಫ್ಐಆರ್ ಆಗೋವರೆಗೂ ಮನ್ಯಾಗ ಹಿಟ್ಟು ಬೇಕಲ್ಲ. ಗಿರಣಿಯವ ಬೀಸಿ ಕೊಡಂಗಿಲ್ಲ ಅಂದ್ರ ಚೀಲ ಜೋಳ ಇದ್ದೂ ಉಪಯೋಗ ಇಲ್ಲ. ನಮ್ಮ ಆಯಿ ಬೀಸೋಕಲ್ಲು ಕೊನೆತನಕ ಮಾರಲಿಲ್ಲ, ಯಾಕ ಅಂತ ನನಗ ಬಹಳ ತಡವಾಗಿ ತಿಳೀತು.

2020ರ ಮಾರ್ಚ್ 24, ರಾತ್ರಿ ಎಂಟು ಗಂಟೆ. ನಡುರಾತ್ರಿಯಿಂದ 21 ದಿನ ದೇಶ ಬಂದ್ ಅಂದ್ರು. ಸಿಟಿಯಾಗ ಕಾರು ಇದ್ದವರು ಡಿಕ್ಕಿ ತುಂಬ ಅಕ್ಕಿ, ಎಣ್ಣೆ, ಬಿಸ್ಕೀಟು ತುಂಬಿಕೊಂಡ್ರು. ನಮ್ಮ ಕೇರಿಯಾಗ ಅವತ್ತಿನ ಕೂಲಿ ಅವತ್ತೇ ಖರ್ಚಾಗಿತ್ತು. ನನಗ ಪಗಾರ ಇತ್ತು, ಸುಳ್ಳು ಹೇಳಂಗಿಲ್ಲ, ನಾನೂ ಎರಡು ಚೀಲ ತಂದಿಟ್ಟೆ. ಮೂರನೇ ದಿನ ಪಕ್ಕದ ಮನಿ ಹುಡುಗಿ ವಾಟಿ ಹಿಡ್ಕೊಂಡು ಬಂದು "ಕಾಕಾ, ಅವ್ವ ಹಿಟ್ಟು ಕೇಳ್ಯಾಳ" ಅಂದಾಗ, ಹೊತ್ತು ಮುಳುಗೋ ಹೊತ್ತು ಅದು, ನನಗ ಆ ಹಳೇ ಸಂಜೀ ರೊಟ್ಟಿ ನೆನಪಾಗಿ ಮೈ ಜುಂ ಅಂತು. ಅವತ್ತೇ ನಾಲ್ಕೈದು ಮಂದಿ ಕೂತು, ನಮ್ಮಲ್ಲಿ ಇದ್ದದ್ದನ್ನೆಲ್ಲ ಸಮುದಾಯ ಭವನಕ್ಕ ತಂದು ಹಾಕಿ, ಮನಿಗೆ ಇಷ್ಟು ಅಂತ ಪಟ್ಟಿ ಮಾಡಿ ಅಳೆದು ಕೊಟ್ಟಿವಿ. ಯಾರೂ ಯಾರ ಬಾಗಿಲಿಗೂ ಬರಬಾರದು, ಅಷ್ಟ.

ಅದಕ್ಕೂ ಮೊದಲು 2019ರ ಆಗಸ್ಟ್. ನಮ್ಮ ಕರೋಶಿ ನದಿ ದಂಡಿ ಊರಲ್ಲ, ನಮಗ ನೀರು ಬರಂಗಿಲ್ಲ ಅನ್ನೋದೇ ಚಿಂತಿ. ಆದ್ರ ಇದೇ ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ಕಡೆ ಕೃಷ್ಣಾ, ದೂಧಗಂಗಾ, ವೇದಗಂಗಾ ಊರೊಳಗ ಬಂದು ಕೂತವು. ಯಮಗರಣಿ ಹತ್ರ ಹೆದ್ದಾರಿಯೇ ಬಂದ್. ಆವಾಗ ಉತ್ತರ ಕರ್ನಾಟಕದ ಊರೂರುಗಳಿಂದ ಖಡಕ್ ರೊಟ್ಟಿ ಗಂಟು ಗಂಟಾಗಿ ಬಂದವು. ತಿಂಗಳುಗಟ್ಟಲೆ ಕೆಡದ ರೊಟ್ಟಿ. ನಾವು ಒಂದು ಟೆಂಪೋ ಮಾಡಿಕೊಂಡು ಹೋಗಿದ್ವಿ. ಒಂದು ಊರಾಗ ಕಾಳಜಿ ಕೇಂದ್ರದಾಗ ನಮ್ಮವರು ಬೇರೆ ಕೋಣ್ಯಾಗ ಕೂತಿದ್ರು. ಯಾರು ಕೂಡಿಸಿದ್ರು ಅಂತ ಕೇಳಿದ್ರ "ನಾವೇ ಕೂತೀವಿ ಸರ, ಯಾಕ ಬೇಕು ಜಗಳ" ಅಂದ್ರು. ಮನಿಗೆ ನೀರು ಹೊಕ್ಕವರಿಗೆ ಸರ್ಕಾರ 10,000 ರೂಪಾಯಿ ತುರ್ತು ಪರಿಹಾರ ಕೊಟ್ಟಿತು. ಅದನ್ನ ತಗೊಳ್ಳೋಕ ಕಾಗದಪತ್ರ ಬೇಕು. ಒಬ್ಬ ಅವ್ವ ತನ್ನ ರೇಶನ್ ಕಾರ್ಡು, ಆಧಾರ್, ಬ್ಯಾಂಕ್ ಪಾಸ್‌ಬುಕ್ಕು ಎಲ್ಲಾ ಪ್ಲಾಸ್ಟಿಕ್ ಚೀಲದಾಗ ಸುತ್ತಿ ಹೊಟ್ಟಿಗೆ ಕಟ್ಟಿಕೊಂಡು ಬಂದಿದ್ಲು. ಜ್ವಾಳದ ಚೀಲ ಬಿಟ್ಟು ಬಂದೀಯಲ್ಲ ಅಂತ ಮಗ ಬೈಯಾಕತ್ತಿದ್ದ. ಅವಳಿಗೆ ಗೊತ್ತಿತ್ತು, ಕಾರ್ಡು ಇದ್ರ ಜ್ವಾಳ ಮತ್ತ ಬರ್ತದ.

ಅದೇ ಕಾರಣಕ್ಕ 2023ರ ಜುಲೈದಾಗ ಹೆಚ್ಚಿನ 5 ಕೆಜಿ ಅಕ್ಕಿ ಬದಲು ತಲೆಗೆ 170 ರೂಪಾಯಿ ಖಾತೆಗೆ ಹಾಕ್ತೀವಿ ಅಂದಾಗ ಕೇರಿಯ ಹೆಂಗಸರು ಗೊಣಗಿದ್ದು ನನಗ ಅರ್ಥ ಆತು. ದುಡ್ಡು ಬ್ಯಾಂಕಿನ್ಯಾಗ ಇರಂಗಿಲ್ಲ, ಯಾವುದೋ ಸಾಲದ ಕಂತಿಗೆ ಹೋಗ್ತದ. ಅಕ್ಕಿ ಮನ್ಯಾಗ ಬಂದ್ರ ಕಣ್ಣಿಗೆ ಕಾಣ್ತದ, ತಿಂಗಳ ಕೊನೆಗೆ ಎರಡು ಸೇರು ಉಳೀತದ, ಡಬ್ಬಿ ತಳ ಮುಚ್ಚತದ.

ಆಯಿ ಹೋಗಿ ಹನ್ನೊಂದು ವರ್ಷ ಆತು. ಆಕಿ ಹೋದ ಮ್ಯಾಲ ಮನಿ ರಿಪೇರಿ ಮಾಡುವಾಗ ಅಡಕಲ ಗಡಿಗಿ ಇಳಿಸಿದ್ವಿ. ಒಂದರ ಮ್ಯಾಲೊಂದು ಐದು. ಮ್ಯಾಲಿನದರಾಗ ಉಪ್ಪು, ಅದರ ಕೆಳಗ ಹುಣಸಿಹಣ್ಣು, ಆಮ್ಯಾಲ ಹುರಳಿ, ಮತ್ತೊಂದರಾಗ ಹಳೇ ಅರಬಿಯಾಗ ಕಟ್ಟಿದ ಬೀಜದ ಜೋಳ. ಎಲ್ಲಕ್ಕಿಂತ ತಳದ ಗಡಿಗಿ ದೊಡ್ಡದು, ಬಾಯಿ ಕಟ್ಟಿತ್ತು. ಬಿಚ್ಚಿ ನೋಡಿದ್ರ ಒಳಗ ಏನೂ ಇರಲಿಲ್ಲ, ತೊಳೆದು ಒರೆಸಿ ಇಟ್ಟಂಗಿತ್ತು. ಅದನ್ನ ಯಾಕ ಖಾಲಿ ಇಟ್ಟಿದ್ಲು ಅಂತ ಅವ್ವನ್ನ ಕೇಳಿದೆ. "ಅದು ಖಂಡದ ಗಡಿಗಿ ಜಾಗಾ. ಅದರ ಬದಲಿಗೆ ತಂದಿದ್ಲು. ಅದರಾಗ ಮತ್ತೇನೂ ಹಾಕಬ್ಯಾಡ ಅಂತಿದ್ಲು" ಅಂದಳು.

ನಿಮ್ಮ ಮನಿಯ ಹಿರಿಯ ಹೆಂಗಸರನ್ನ ಕೇಳ್ರಿ, ಅವರು ಏನು ಕೂಡಿಡ್ತಿದ್ರು, ಎಲ್ಲಿ ಇಡ್ತಿದ್ರು, ಯಾವಾಗ ಬಿಟ್ಟರು. ಬರೆದು ಕಳಿಸ್ರಿ, ಒಂದು ಕಡೆ ಸೇರಿಸೋಣ. ಕೇಳೋಕ ಇನ್ನ ಬಹಳ ಮಂದಿ ಉಳಿದಿಲ್ಲ.

ಜೈ ಭೀಮ್.